ಹತ್ತು ಮಿಲಿಮೀಟರ್ ಮತ್ತು ಒಂದು ಕೇಬಲ್: ಹಳೆಯ 700ಆರ್4 ಗೇರ್‌ಬಾಕ್ಸನ್ನು 5.3 ಎಂಜಿನ್ನಿಗೆ ಜೋಡಿಸಿದ ನನ್ನ ಅನುಭವ

ಟೆಕ್ಸಸ್‌ನ ನಮ್ಮ ಮನೆಯ ಶೆಡ್ಡಿನಲ್ಲಿ 1985ರ ಷೆವರ್ಲೆ ಸಿ10 ಪಿಕಪ್ ಒಂದಿದೆ. ಅದರ 305 ಘನ ಇಂಚಿನ ಕಾರ್ಬ್ಯುರೇಟರ್ ಎಂಜಿನ್ ಆಯಿಲ್ ಕುಡಿಯತೊಡಗಿದಾಗ, ಅಪಘಾತವಾಗಿ ಗುಜರಿ ಸೇರಿದ್ದ 2001ರ ಸಿಲ್ವೆರಾಡೊ ಪಿಕಪ್ಪಿನಿಂದ 5.3 ಲೀಟರಿನ ಎಲ್‌ಎಂ7 ಎಂಜಿನ್ನನ್ನು ತಂದೆ. ಅದರ ಜೊತೆಗೇ ಬರುತ್ತಿದ್ದ 4ಎಲ್60ಇ ಎಂಬ ಎಲೆಕ್ಟ್ರಾನಿಕ್ ಗೇರ್‌ಬಾಕ್ಸನ್ನು ಮಾತ್ರ ಬೇಡವೆಂದು ಬಿಟ್ಟುಬಂದೆ. ನನ್ನ ಗಾಡಿಯಲ್ಲಿದ್ದ ನಾಲ್ಕು ಗೇರಿನ 700ಆರ್4 ಆಟೊಮ್ಯಾಟಿಕ್ಕನ್ನು ನಾಲ್ಕು ವರ್ಷಗಳ ಹಿಂದಷ್ಟೇ ಬಿಚ್ಚಿ ಹೊಸ ಕ್ಲಚ್ ಪ್ಲೇಟುಗಳನ್ನು ಹಾಕಿಸಿದ್ದೆ. ಅದನ್ನು ಹೊತ್ತಿರುವ ಅಡ್ಡಪಟ್ಟಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್, ಗೇರ್ ಲಿವರಿನ ಕೊಂಡಿ ಎಲ್ಲವೂ ಅದರ ಅಳತೆಗೇ ಕೂತಿದ್ದವು. ವೈರಿಂಗಿನ ದೃಷ್ಟಿಯಿಂದ 4ಎಲ್60ಇ ಸುಲಭದ ದಾರಿಯಾಗುತ್ತಿತ್ತೆಂದು ಈಗಲೂ ಒಪ್ಪುತ್ತೇನೆ, ಆದರೆ ಸುಸ್ಥಿತಿಯಲ್ಲಿರುವ ಗೇರ್‌ಬಾಕ್ಸನ್ನು ಕಿತ್ತೆಸೆಯಲು ಮನಸ್ಸು ಬರಲಿಲ್ಲ.

ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ಕೂಡುತ್ತವೆ. ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚವಾದ ಬೆಲ್‌ಹೌಸಿಂಗಿನ ಆರು ಬೋಲ್ಟುಗಳಲ್ಲಿ ಐದಕ್ಕೆ ಹೊಸ ಎಂಜಿನ್ನಿನ ಬ್ಲಾಕಿನಲ್ಲಿ ರಂಧ್ರವಿದೆ, ಅಷ್ಟು ಸಾಕಾಗುತ್ತದೆ. ಹಳೆಯ ಇಂಚಿನ ಬೋಲ್ಟುಗಳ ಬದಲು 10 ಮಿಮೀ ಮೆಟ್ರಿಕ್ ಬೋಲ್ಟುಗಳನ್ನು ಹಾಕಬೇಕು, ಅಷ್ಟೇ. ನಿಜವಾದ ತೊಡಕು ಒಳಗಿದೆ. ಹಳೆಯ ಎಂಜಿನ್ನಿಗೆ ಹೋಲಿಸಿದರೆ 5.3ರ ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ನೊಳಗೆ ತಿರುಗುವ ಮುಖ್ಯ ದಂಡದ) ಹಿಂಬದಿಯ ಮುಖ 0.4 ಇಂಚು, ಅಂದರೆ ಸುಮಾರು 10 ಮಿಮೀ, ಮುಂದಕ್ಕೆ ಸರಿದಿದೆ. ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ನಡುವಿನ ಮೂತಿ ಕ್ರ್ಯಾಂಕಿನ ಮಧ್ಯದ ಗುಳಿಯಲ್ಲಿ ಕೂತು ಆಧಾರ ಪಡೆಯಬೇಕಾದ್ದರಿಂದ ಈ 10 ಮಿಮೀ ಅಂತರವನ್ನು ಕಡೆಗಣಿಸುವಂತಿಲ್ಲ.

ನಾನು ಮೊದಲು ಕಡೆಗಣಿಸಿದೆ. ಬಿಡಿಭಾಗದ ಅಂಗಡಿಯೊಂದರಲ್ಲಿ, 5.3ರದೇ ಆದ ತಟ್ಟೆಯಾಕಾರದ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕನ್ನೂ ಕನ್ವರ್ಟರನ್ನೂ ಜೋಡಿಸುವ ತೆಳುತಗಡು) ಹಾಕಿ, ಅದರ ರಂಧ್ರಗಳಿಗೆ ಒಂದಿಷ್ಟು ಅರ ಹಾಕಿ ಹಿಗ್ಗಿಸಿದರೆ ಸಾಕು, ಎಲ್ಲರೂ ಹಾಗೆಯೇ ಓಡಿಸುತ್ತಾರೆ ಎಂದರು. ಮಾತು ಪೂರ್ತಿ ನಂಬಿಕೆಗೆ ಬರದೆ, ಮಗಳು ಆಟವಾಡುವ ಜೇಡಿಮಣ್ಣನ್ನು ಕ್ರ್ಯಾಂಕಿನ ಗುಳಿಗೆ ಮೆತ್ತಿ, ಗೇರ್‌ಬಾಕ್ಸನ್ನು ಜೋಡಿಸಿ, ಕನ್ವರ್ಟರನ್ನು ಫ್ಲೆಕ್ಸ್‌ಪ್ಲೇಟಿನವರೆಗೆ ಮುಂದಕ್ಕೆಳೆದು, ಮತ್ತೆ ಎಲ್ಲವನ್ನೂ ಬಿಚ್ಚಿ ನೋಡಿದೆ. ಮಣ್ಣಿನ ಮೇಲೆ ಮೂತಿಯ ತುದಿ ಸೋಕಿದ ಒಂದು ತೆಳು ಗೆರೆಯಿತ್ತು, ಬೇರೇನೂ ಇರಲಿಲ್ಲ. ಅಂದರೆ ಕನ್ವರ್ಟರಿನ ಮುಂಭಾಗ ಬರೀ ತೆಳುತಗಡಿನ ಮೇಲೆ ನೇತಾಡಿಕೊಂಡು ತಿರುಗುತ್ತಿತ್ತು. ಅದರ ಓಲಾಟಕ್ಕೆ ಗೇರ್‌ಬಾಕ್ಸಿನ ಆಯಿಲ್ ಪಂಪಿನ ಬುಷ್ ಸವೆದು, ಮುಂದಿನ ಸೀಲ್ ಸೋರಿ, ನಾಲ್ಕಾರು ತಿಂಗಳಲ್ಲಿ ಇಡೀ ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕಾಗುತ್ತಿತ್ತು.

ಸರಿಯಾದ ಪರಿಹಾರಕ್ಕೆ ಮೂರು ವಸ್ತುಗಳು ಬೇಕು: ಕ್ರ್ಯಾಂಕಿನ ಮುಖಕ್ಕೆ ಕೂರುವ 0.4 ಇಂಚು ದಪ್ಪದ ಉಕ್ಕಿನ ಸ್ಪೇಸರ್, ಸಪಾಟಾದ ಫ್ಲೆಕ್ಸ್‌ಪ್ಲೇಟ್, ಆ ದಪ್ಪಕ್ಕೆ ತಕ್ಕಷ್ಟು ಉದ್ದವಿರುವ 11 ಮಿಮೀ ಬೋಲ್ಟುಗಳು. ಸ್ಪೇಸರಿನ ಮಧ್ಯದ ರಂಧ್ರವೇ ಕನ್ವರ್ಟರಿನ ಮೂತಿಯನ್ನು ಹಿಡಿಯುತ್ತದೆ. ಬೋಲ್ಟುಗಳಿಗೆ ಥ್ರೆಡ್ ಲಾಕರ್ ಹಚ್ಚಿ, ಎದುರುಬದುರಾಗಿ 20, 50, ಕೊನೆಗೆ 100 ನ್ಯೂಟನ್ ಮೀಟರ್ ಎಂದು ಮೂರು ಸುತ್ತಿನಲ್ಲಿ ಬಿಗಿಮಾಡಿದೆ. ಕನ್ವರ್ಟರನ್ನು ಗೇರ್‌ಬಾಕ್ಸಿಗೆ ಕೂರಿಸುವಾಗ ಕೈಯಲ್ಲಿ ತಿರುಗಿಸುತ್ತಾ ಒತ್ತಿದರೆ ಅದು ಒಂದೊಂದೇ ಮೆಟ್ಟಿಲಿಳಿದಂತೆ ಒಳಕ್ಕೆ ಇಳಿಯುತ್ತದೆ. ಕೊನೆಯ ಇಳಿತದಲ್ಲಿ ಪಂಪಿನ ಗೇರಿಗೆ ಅದರ ಕಚ್ಚು ಸಿಕ್ಕಿಕೊಳ್ಳುತ್ತದೆ, ಅಲ್ಲಿಯವರೆಗೆ ಮುಂದಿನ ಹೆಜ್ಜೆ ಇಡಬಾರದು.

ದಾವಣಗೆರೆಯಲ್ಲಿ ಲಾರಿ ಗ್ಯಾರೇಜು ನಡೆಸುತ್ತಿದ್ದ ನನ್ನ ಸೋದರಮಾವ ಗೇರ್‌ಬಾಕ್ಸ್ ಏರಿಸುವಾಗಲೆಲ್ಲ "ಬೋಲ್ಟ್ ಹಾಕಿ ಎಳೀಬ್ಯಾಡಪ್ಪಾ, ಕೈಯಾಗೇ ಕೂರಬೇಕು" ಎನ್ನುತ್ತಿದ್ದರು. ಕ್ಲಚ್ಚಿರುವ ಲಾರಿಗೆ ಹೇಳಿದ ಆ ಮಾತು ಆಟೊಮ್ಯಾಟಿಕ್ಕಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಬೆಲ್‌ಹೌಸಿಂಗ್ ತಾನಾಗಿ ಬ್ಲಾಕಿಗೆ ತಾಗದಿದ್ದಾಗ ಬೋಲ್ಟಿನಿಂದ ಎಳೆದರೆ ಮೊದಲು ಒಡೆಯುವುದು ಪಂಪು. ನನ್ನದು ಕೈಯಲ್ಲೇ ಕೂತಿತು. ಆಮೇಲೆ ಕನ್ವರ್ಟರ್ ಮತ್ತು ಫ್ಲೆಕ್ಸ್‌ಪ್ಲೇಟಿನ ನಡುವಿನ ಸಂದನ್ನು ಡ್ರಿಲ್ ಬಿಟ್ಟುಗಳ ಹಿಂಬದಿಯಿಂದ ಅಳೆದೆ: 4 ಮಿಮೀ. ಇದು 3ರಿಂದ 5 ಮಿಮೀ ಒಳಗಿರಬೇಕು. ಕನ್ವರ್ಟರಿನ ಬೋಲ್ಟುಗಳು ಒಂದೆರಡು ಎಳೆ ಉದ್ದವಾದರೂ ಅದರ ಮುಖ ಒಳಕ್ಕೆ ಉಬ್ಬಿ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ಚು ಕೆಡುವುದರಿಂದ ಅವುಗಳ ಉದ್ದವನ್ನೂ ಅಳೆದೇ ಹಾಕಿದೆ.

ಎರಡನೆಯ ತೊಡಕು ಟಿವಿ ಕೇಬಲ್, ಅಂದರೆ ಆಕ್ಸಿಲರೇಟರ್ ಎಷ್ಟು ತುಳಿದಿದೆಯೆಂದು ಗೇರ್‌ಬಾಕ್ಸಿಗೆ ತಿಳಿಸುವ ಥ್ರಾಟಲ್ ವಾಲ್ವ್ ಕೇಬಲ್. ಇನ್ನೂ ಹಳೆಯದಾದ ಟಿಎಚ್350 ಗೇರ್‌ಬಾಕ್ಸಿನಲ್ಲಿ ಇಂಥದೇ ಕೇಬಲ್ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಗೇರ್ ಇಳಿಸುವ ಕೆಲಸವನ್ನಷ್ಟೇ ಮಾಡುತ್ತದೆ. 700ಆರ್4ನಲ್ಲಿ ಒಳಗಿನ ಆಯಿಲಿನ ಒತ್ತಡವನ್ನೇ ಅದು ನಿರ್ಧರಿಸುತ್ತದೆ. ಕೇಬಲ್ ಸಡಿಲವಿದ್ದರೂ ಗಾಡಿ ಓಡುತ್ತದೆ, ಗೇರೂ ಬೀಳುತ್ತದೆ, ಆದರೆ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರಿ ಸುಟ್ಟುಹೋಗುತ್ತವೆ. ನನ್ನ ಎಂಜಿನ್ನಿನ ಥ್ರಾಟಲ್ (ಗಾಳಿ ಒಳಬಿಡುವ ಕವಾಟ) ಎಲೆಕ್ಟ್ರಾನಿಕ್ ಆಗಿರದೆ ಕೇಬಲ್ಲಿನದೇ ಆಗಿದ್ದುದು ಅದೃಷ್ಟ, ಆದರೆ ಅದರ ಲಿವರಿನ ಸುತ್ತಳತೆ ಹಳೆಯ ಕಾರ್ಬ್ಯುರೇಟರಿನದರಂತಿರಲಿಲ್ಲ. ಕೇಬಲ್ಲನ್ನು ಸುಮ್ಮನೆ ಸಿಕ್ಕಿಸಿದರೆ ಪೂರ್ತಿ ತುಳಿತದಲ್ಲಿ ಸರಿಯಾಗಿ ಎಳೆದರೂ ಕಾಲುಭಾಗ ತುಳಿತದಲ್ಲಿ ಹಿಂದೆ ಬೀಳುತ್ತಿತ್ತು. ಈ ವ್ಯತ್ಯಾಸವನ್ನು ಸರಿದೂಗಿಸಲೆಂದೇ ಸಿಗುವ ಬ್ರಾಕೆಟ್ಟನ್ನು ತರಿಸಿದೆ. ಅಷ್ಟಕ್ಕೇ ನಿಲ್ಲಿಸದೆ, ಗೇರ್‌ಬಾಕ್ಸಿನ ಎಡಬದಿಯಲ್ಲಿರುವ ಒತ್ತಡದ ತೂತಿಗೆ 300 ಪಿಎಸ್‌ಐ ಗೇಜು ಹಾಕಿ, ಉದ್ದನೆಯ ಪೈಪಿನಲ್ಲಿ ಅದನ್ನು ಚಾಲಕನ ಸೀಟಿನವರೆಗೆ ತಂದೆ. ಎಂಜಿನ್ ಐಡಲ್‌ನಲ್ಲಿದ್ದಾಗ 65ರ ಆಸುಪಾಸಿನಲ್ಲಿದ್ದ ಮುಳ್ಳು ಥ್ರಾಟಲ್ ಕದಲಿದ ಕ್ಷಣದಲ್ಲೇ ಮೇಲೇಳಬೇಕು. ಮೊದಲ ದಿನ ಅದು ಒಂದು ಗಳಿಗೆ ತಡೆದು ಎದ್ದಿತು. ಕೇಬಲ್ಲನ್ನು ಎರಡು ಕಚ್ಚು ಬಿಗಿಮಾಡಿದ ಮೇಲೆ ಕಾಲಿನ ಜೊತೆಗೇ ಎದ್ದಿತು. ಈ ಕೆಲಸವನ್ನು ಕಿವಿಯ ಅಂದಾಜಿನಲ್ಲಿ ಮುಗಿಸುವವರನ್ನು ನಾನು ಒಪ್ಪುವುದಿಲ್ಲ.

ಲಾಕಪ್ಪಿಗೆ ಬ್ರೇಕ್ ಸ್ವಿಚ್ಚಿನ ಮೂಲಕ 12 ವೋಲ್ಟ್ ಕೊಟ್ಟು, ನಾಲ್ಕನೆಯ ಗೇರಿನ ಒತ್ತಡದ ಸ್ವಿಚ್ಚಿನಿಂದ ಅರ್ತ್ ಸಿಗುವಂತೆ ಮಾಡಿದ್ದರಿಂದ ಬ್ರೇಕ್ ಒತ್ತಿದೊಡನೆ ಅದು ಬಿಡುತ್ತದೆ. ಎಂಜಿನ್ನಿನ ಕಂಪ್ಯೂಟರಿಗೆ ಇನ್ನೂ ತನ್ನ ಎಲೆಕ್ಟ್ರಾನಿಕ್ ಗೇರ್‌ಬಾಕ್ಸೇ ಜೊತೆಗಿದೆಯೆಂಬ ಎಣಿಕೆಯಿತ್ತು. ಅದರ ಪ್ರೋಗ್ರಾಮಿನಲ್ಲಿ ಗಾಡಿಯನ್ನು ಮ್ಯಾನ್ಯುಯಲ್ ಎಂದು ಬದಲಿಸಿದ ಮೇಲೆ ಎಚ್ಚರಿಕೆಯ ದೀಪ ಆರಿತು. ಆದರೂ ಸಿಗ್ನಲ್ಲಿಗೆ ನಿಧಾನಿಸಿ ಬರುವಾಗ ಎಂಜಿನ್ ಐಡಲ್ ಹಿಡಿಯಲಾಗದೆ ಎರಡು ಸಲ ನಿಂತುಹೋಯಿತು. ಗಾಡಿ ಚಲಿಸುತ್ತಿದೆಯೋ ನಿಂತಿದೆಯೋ ಎಂಬುದು ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ, ಏಕೆಂದರೆ ಹಳೆಯ ಗೇರ್‌ಬಾಕ್ಸಿನ ಸ್ಪೀಡೋಮೀಟರಿಗೆ ತಿರುಗುವ ತಂತಿಯಷ್ಟೇ ಇತ್ತು. ಆ ತಂತಿಯ ನಡುವೆ ವೇಗವನ್ನು ವಿದ್ಯುತ್ ಮಿಡಿತಗಳಾಗಿ ಕಳಿಸುವ ಸೆನ್ಸರ್ ಒಂದನ್ನು ಸೇರಿಸಿ, ಮೈಲಿಗೆ 4000 ಮಿಡಿತಗಳೆಂದು ಕಂಪ್ಯೂಟರಿನಲ್ಲಿ ಹೊಂದಿಸಿದ ಮೇಲೆ ಆ ಕಾಟ ತಪ್ಪಿತು.

ಐನೂರು ಮೈಲಿ ಓಡಿದ ಮೇಲೆ ಕೆಳಗಿನ ಪ್ಯಾನನ್ನು ಇಳಿಸಿ ನೋಡಿದಾಗ ಆಯಿಲ್ ಕೆಂಪಗೇ ಇತ್ತು, ಸುಟ್ಟ ವಾಸನೆಯಿರಲಿಲ್ಲ, ಅಯಸ್ಕಾಂತಕ್ಕೆ ಬೂದಿಯಂಥ ತೆಳುಪುಡಿಯಷ್ಟೇ ಅಂಟಿತ್ತು. ಒತ್ತಡದ ಗೇಜನ್ನು ಮಾತ್ರ ಇನ್ನೂ ಬಿಚ್ಚಿಲ್ಲ.