ಚಂದ್ರಕಲೆಗಳ ಪಾಠದಲ್ಲಿ ಕೈ, ಮಾತು ಮತ್ತು ಚಿತ್ರ

ಚಂದ್ರನ ವೃದ್ಧಿ-ಕ್ಷಯಗಳನ್ನು ಹೈಸ್ಕೂಲು ಮಕ್ಕಳಿಗೆ ವಿವರಿಸುವವರು ಸಾಮಾನ್ಯವಾಗಿ ಹಲಗೆಯ ಮೇಲೆ ಭೂಮಿಯನ್ನೂ ಅದರ ಸುತ್ತ ಎಂಟು ಚಂದ್ರರನ್ನೂ ಬರೆದು, ಒಂದು ಬದಿಯಿಂದ ಸೂರ್ಯಕಿರಣಗಳನ್ನು ಎಳೆದು ಪಾಠ ಮುಗಿಸುತ್ತಾರೆ. ಆ ಚಿತ್ರದಲ್ಲಿ ತಪ್ಪಿಲ್ಲದಿದ್ದರೂ, ಚಂದ್ರ ಅರ್ಧವಾಗಿ ಕಾಣುವುದೇಕೆ ಎಂದು ಕೇಳಿದಾಗ ಭೂಮಿಯ ನೆರಳು ಬೀಳುವುದರಿಂದ ಎಂದು ಹಲವು ಮಕ್ಕಳು ಹೇಳುತ್ತಾರೆ. ಚಲನೆಯನ್ನೂ ಕೋನವನ್ನೂ ಕೈ ತೋರಿಸಬೇಕು, ಅಳತೆಯನ್ನು ಚಿತ್ರ ಹಿಡಿದಿಡಬೇಕು, ಕಾರಣವನ್ನು ಮಾತು ಹೇಳಬೇಕು. ಈ ಮೂರು ಕೆಲಸಗಳನ್ನೂ ಚಿತ್ರವೊಂದಕ್ಕೇ ಒಪ್ಪಿಸಿದರೆ ಅದು ನಿಭಾಯಿಸಲಾರದು.

ಹಲಗೆಗೆ ಹೋಗುವ ಮೊದಲು ತೋಳುಗಳಿಂದ ಆರಂಭಿಸಿ. ಶುಕ್ಲಪಕ್ಷದ ಅಷ್ಟಮಿಯಂದು, ಸೂರ್ಯ ಮುಳುಗಿದ ಮೇಲೆ, ಒಂದು ತೋಳನ್ನು ಅವನು ಮುಳುಗಿದ ಕಡೆಗೂ ಇನ್ನೊಂದನ್ನು ಚಂದ್ರನ ಕಡೆಗೂ ಚಾಚಿದರೆ ನಡುವೆ ಸುಮಾರು ಲಂಬಕೋನ ಏರ್ಪಡುತ್ತದೆ. ಹುಣ್ಣಿಮೆಯ ಸಂಜೆ ಅದೇ ತೋಳುಗಳು ಹೆಚ್ಚುಕಡಿಮೆ ಒಂದೇ ಸರಳರೇಖೆಗೆ ಬರುತ್ತವೆ. ಪಂಚಾಂಗದ ತಿಥಿಯನ್ನು ನಿರ್ಧರಿಸುವುದು ಈ ಕೋನವೇ: ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿದಂತೆಲ್ಲ ಒಂದೊಂದು ತಿಥಿ ಕಳೆದು, 30 ತಿಥಿಗಳಲ್ಲಿ 360 ಡಿಗ್ರಿ ತುಂಬುತ್ತದೆ. ಚಾಚಿದ ತೋಳಿನ ತುದಿಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿಯಾದ್ದರಿಂದ, ಬಿದಿಗೆಯಿಂದ ಮುಂದಕ್ಕೆ ಮಕ್ಕಳೇ ಪ್ರತಿ ಸಂಜೆ ಅಳೆದು ನೋಡಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿರುವ ತಿಥಿಯನ್ನು ತಮ್ಮ ಎರಡು ತೋಳುಗಳಿಂದಲೇ ಅಳೆಯಬಹುದು ಎಂದು ಅರಿಯುವುದು ಈ ಪಾಠದ ಅತ್ಯಂತ ಬೆಲೆಯುಳ್ಳ ಭಾಗವೆಂದು ನಾನು ತಿಳಿಯುತ್ತೇನೆ.

ತರಗತಿಯೊಳಗೆ ಕತ್ತಲು ಮಾಡಿ ಒಂದು ಬಲ್ಬನ್ನು ಉರಿಸಿ, ಮಗುವಿನ ಕೈಗೆ ಬಿಳಿಯ ಚೆಂಡನ್ನು ಕೊಡಿ. ತಲೆಯೇ ಭೂಮಿ. ಬಲ್ಬಿನ ಕಡೆಗೆ ಮುಖಮಾಡಿ, ಚೆಂಡನ್ನು ತಲೆಗಿಂತ ತುಸು ಎತ್ತರದಲ್ಲಿ ಹಿಡಿದು, ಎಡಕ್ಕೆ ನಿಧಾನವಾಗಿ ತಿರುಗಿದರೆ ಅಮಾವಾಸ್ಯೆಯ ನಂತರದ ಕಲೆಗಳೆಲ್ಲ ಕ್ರಮವಾಗಿ ಕಾಣಿಸುತ್ತವೆ. ತಿರುಗುತ್ತಿರುವಷ್ಟು ಹೊತ್ತು ನೀವು ಹೆಚ್ಚು ಮಾತನಾಡಬೇಡಿ. ಕಾಲುಭಾಗ ತಿರುಗಿದಾಗ ನಿಲ್ಲಿಸಿ, ಬೆಳಕು ಯಾವ ಬದಿಗೆ ಬಿದ್ದಿದೆ ಎಂದಷ್ಟೇ ಕೇಳಿ.

ಚಿತ್ರದ ಸರದಿ ಆಮೇಲೆ ಬರುತ್ತದೆ. ಪಠ್ಯಪುಸ್ತಕದ ಪುಟದೊಳಗೆ ಹಿಡಿಸಲು ದೂರವನ್ನು ವಿಪರೀತ ಕುಗ್ಗಿಸಿರುವುದರಿಂದ ಭೂಮಿಯ ನೆರಳು ಚಂದ್ರನನ್ನು ಸದಾ ಮುಟ್ಟುವಂತೆ ತೋರುತ್ತದೆ. ಆದ್ದರಿಂದ ಪಕ್ಕದಲ್ಲಿ ಅಳತೆಗೆ ಸರಿಯಾದ ಇನ್ನೊಂದು ಚಿತ್ರ ಬರೆಯಿರಿ: ಭೂಮಿ 1 ಸೆಂಟಿಮೀಟರ್ ಇದ್ದರೆ ಚಂದ್ರ 3 ಮಿಲಿಮೀಟರಿಗೂ ಕಡಿಮೆ, ನಡುವಿನ ದೂರ ಸುಮಾರು 30 ಸೆಂಟಿಮೀಟರ್, ಅಂದರೆ ಮಕ್ಕಳ ಸ್ಕೇಲಿನ ಪೂರ್ತಿ ಉದ್ದ. ಚಂದ್ರನ ಪಥ ಭೂಮಿಯ ಪಥದ ಸಮತಲಕ್ಕೆ ಸುಮಾರು 5 ಡಿಗ್ರಿ ವಾಲಿರುವುದರಿಂದ, ಈ ಅಳತೆಯಲ್ಲಿ ಅವನು ನೆರಳಿನ ರೇಖೆಗಿಂತ ಎರಡೂವರೆ ಸೆಂಟಿಮೀಟರಿನಷ್ಟು ಮೇಲೆ ಅಥವಾ ಕೆಳಗೆ ಹಾದುಹೋಗಬಲ್ಲನು. ಪ್ರತಿ ಹುಣ್ಣಿಮೆಗೂ ಗ್ರಹಣವಾಗದಿರುವ ಕಾರಣವನ್ನು ಇಲ್ಲಿಯೇ ಹೇಳಿಬಿಡಿ.

ಎಂಟು ಚಂದ್ರರ ಚಿತ್ರಕ್ಕೆ ಮರಳಿದಾಗ ಅಂಗೈಯ ಅಂಚನ್ನು ಒಬ್ಬ ಚಂದ್ರನ ಮೇಲೆ ಅಡ್ಡಲಾಗಿ ಇಟ್ಟು, ಭೂಮಿಗೆ ಬೆನ್ನು ಮಾಡಿರುವ ಅರ್ಧವನ್ನು ಮುಚ್ಚಿ. ಉಳಿದ ಅರ್ಧದಲ್ಲಿ ಬೆಳಗಿರುವುದೆಷ್ಟೋ ಅಷ್ಟೇ ನಮಗೆ ಕಾಣುವ ಕಲೆ. ಇಲ್ಲಿ ಹೊತ್ತು ತಪ್ಪಬಾರದು: "ಈ ಅರ್ಧ ನಮಗೆ ಕಾಣದು" ಎನ್ನುವಾಗಲೇ ಕೈ ಹಲಗೆಯ ಮೇಲಿರಬೇಕು. ಸಹಜವಾದ ಮಾತಿನಲ್ಲಿ ಕೈಯ ಮುಖ್ಯ ಚಲನೆಯು ತನಗೆ ಹೊಂದುವ ಪದದ ಜೊತೆಗೆ ಅಥವಾ ಅದಕ್ಕಿಂತ ತುಸು ಮೊದಲೇ ಬರುತ್ತದೆಂದು ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ನೀಲ್ ತೋರಿಸಿದ್ದಾರೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿರುವಾಗ ಮಾಡಿದ ಹಾವಭಾವ ವ್ಯರ್ಥ. ಪೆನ್ನುಗಳು ನಿಲ್ಲುವವರೆಗೆ ಕಾಯಿರಿ. ಈ ಚಿತ್ರ ಉತ್ತರ ಧ್ರುವದ ಮೇಲಿನಿಂದ ಕಂಡ ನೋಟ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ತರಗತಿಯತ್ತ ಮುಖಮಾಡಿ ಗಾಳಿಯಲ್ಲಿ ವೃತ್ತ ಬರೆದರೆ ನಿಮ್ಮ ಅಪ್ರದಕ್ಷಿಣೆ ಅವರಿಗೆ ಪ್ರದಕ್ಷಿಣೆಯಾಗಿ ಕಾಣುವುದರಿಂದ, ಹಲಗೆಗೆ ತಿರುಗಿಯೇ ಕೈಯಾಡಿಸಿ.

ಕೊನೆಗೆ ಮಕ್ಕಳಿಂದ ವಿವರಣೆ ಕೇಳುವಾಗ ಅವರ ಕೈಗಳನ್ನೂ ಗಮನಿಸಿ. ಮಾತು ಒಂದನ್ನು ಹೇಳಿ ಕೈ ಬೇರೊಂದನ್ನು ತೋರಿಸುವ ಮಗು ಆ ವಿಷಯವನ್ನು ಕಲಿಯುವ ಹೊಸ್ತಿಲಲ್ಲಿರುತ್ತದೆ ಎಂಬುದು ಶಿಕಾಗೋ ವಿಶ್ವವಿದ್ಯಾಲಯದ ಸೂಸನ್ ಗೋಲ್ಡಿನ್-ಮೆಡೋ ಮತ್ತು ಸಂಗಡಿಗರು ಗಣಿತದಂಥ ವಿಷಯಗಳಲ್ಲಿ ಕಂಡುಕೊಂಡ ಸಂಗತಿ. ಬಾಯಲ್ಲಿ ನೆರಳೆಂದು ಹೇಳುತ್ತಲೇ ಕೈಯಲ್ಲಿ ಚಂದ್ರನನ್ನು ಸುತ್ತಿಸುವ ಮಗುವನ್ನು ತಿದ್ದಿ ಕೂರಿಸದೆ, ಅದೇ ಗಳಿಗೆಯಲ್ಲಿ ಚೆಂಡನ್ನು ಮತ್ತೆ ಅದರ ಕೈಗೆ ಕೊಟ್ಟು, ತಿರುಗುತ್ತಲೇ ಹೇಳುವಂತೆ ಕೇಳಿ.