ಮಾವನ 10 ಇನ್ಫೋಸಿಸ್ ಷೇರು ಮತ್ತು ತಾತನ ಬೆಲ್ಲದ ಪುಸ್ತಕ: ಹಳೆಯ ದರ ಓದುವ ಬಗೆ

ಮೈಸೂರಿನ ಕುವೆಂಪುನಗರದಿಂದ ಸೋದರಮಾವ ಫೋನ್ ಮಾಡಿದರೆ ಒಂದೋ ಯಾರದಾದರೂ ಮದುವೆ, ಇಲ್ಲವೇ ಮಂಡಿನೋವು. ಈ ಸಲ ಷೇರು.

"ಅಲ್ಲ ಕಣಮ್ಮ, 2012ರಲ್ಲಿ ನಾನು ಇನ್ಫೋಸಿಸ್ ತಗೊಂಡಿದ್ದು 2,400 ರೂಪಾಯಿಗೆ. ಚೀಟಿ ಇಟ್ಕೊಂಡಿದ್ದೀನಿ. ಈ ಮೊಬೈಲು ನೋಡಿದ್ರೆ ಆವತ್ತಿನ ರೇಟು 300 ಅಂತದೆ. ಯಾರು ಸುಳ್ಳು ಹೇಳ್ತಿರೋದು?"

ಇಬ್ಬರೂ ಸುಳ್ಳು ಹೇಳುತ್ತಿಲ್ಲ ಮಾವ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ನಾನು ಮಂಡ್ಯದಲ್ಲಿ ತೆರಿಗೆ ಲೆಕ್ಕ ಬರೆಯುವ ಆಫೀಸೊಂದರಲ್ಲಿ ಕೆಲಸ ಮಾಡುವವಳು. ಜೂನ್, ಜುಲೈ ಬಂತೆಂದರೆ ಇದೇ ಪ್ರಶ್ನೆಯನ್ನು ಹತ್ತಾರು ಜನ ಕೇಳುತ್ತಾರೆ. ಮುಂದಿನ ಭಾನುವಾರ ಮಾವನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಾತನಿಗೆ ಆಲೆಮನೆ ಇತ್ತು. ಮಂಡ್ಯದ ಮಾರುಕಟ್ಟೆಗೆ ಬೆಲ್ಲ ಹಾಕಿ ಬಂದ ದಿನವೆಲ್ಲ ಧಾರಣೆ ಬರೆದಿಡುತ್ತಿದ್ದರು. ಆ ಪುಸ್ತಕದ ಮೊದಲರ್ಧದಲ್ಲಿ ಮಣಕ್ಕೆ ಇಷ್ಟು ಎಂದಿದೆ, ಒಂದು ಪುಟದಿಂದಾಚೆಗೆ ಕ್ವಿಂಟಲ್‌ಗೆ ಇಷ್ಟು ಎಂದಿದೆ. ಅಳತೆ ಬದಲಾದದ್ದು ಗೊತ್ತಿಲ್ಲದವರು ನೋಡಿದರೆ ಒಂದೇ ವಾರದಲ್ಲಿ ಬೆಲ್ಲ ಬಂಗಾರವಾಯಿತು ಅಂದುಕೊಂಡಾರು. ಷೇರಿನಲ್ಲಿ ಆಗುವುದು ಇದರ ತಿರುಗುಮುರುಗು. ಕಂಪನಿ 1:1 ಬೋನಸ್, ಅಂದರೆ ಇರುವ ಒಂದು ಷೇರಿಗೆ ಇನ್ನೊಂದು ಪುಕ್ಕಟೆ, ಕೊಟ್ಟ ದಿನ ನಿಮ್ಮ ಒಂದು ಷೇರು ಎರಡಾಗುತ್ತದೆ, ದರ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಯಾರೂ ಮುಳುಗಿಲ್ಲ, ಅಳತೆ ಬದಲಾಗಿದೆ ಅಷ್ಟೆ.

ಮೊಬೈಲ್ ಆ್ಯಪ್‌ಗಳು ಮತ್ತು ಚಾರ್ಟ್‌ಗಳು ಈ ಗೊಂದಲ ಬೇಡವೆಂದು ಹಳೆಯ ದರವನ್ನೆಲ್ಲ ಇಂದಿನ ಅಳತೆಗೆ ಭಾಗಿಸಿ ತೋರಿಸುತ್ತವೆ. ಇದಕ್ಕೆ ಅಡ್ಜಸ್ಟೆಡ್ ದರ ಎನ್ನುತ್ತಾರೆ. ಇನ್ಫೋಸಿಸ್ 2014, 2015, 2018ರಲ್ಲಿ ತಲಾ ಒಂದಕ್ಕೊಂದು ಬೋನಸ್ ಕೊಟ್ಟಿತು. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. 2,400ನ್ನು ಎಂಟರಿಂದ ಭಾಗಿಸಿದರೆ 300. ಮಾವನ 10 ಷೇರು ಈಗ 80 ಆಗಿವೆ, ಅದನ್ನು ಅವರು ಮರೆತಿದ್ದರು. ಇನ್ನೂ ಹಿಂದೆ ಹೋದರೆ ತಮಾಷೆ ಜಾಸ್ತಿ. 1993ರಲ್ಲಿ ಕಂಪನಿ ಷೇರು ಬಿಟ್ಟಾಗ ದರ 95 ರೂಪಾಯಿ. ಅಲ್ಲಿಂದ ಈಚಿನ ಬೋನಸ್, 2000ದ ಸ್ಪ್ಲಿಟ್ (ಒಂದು ಷೇರನ್ನು ಸೀಳಿ ಹಲವಾಗಿಸುವುದು) ಎಲ್ಲ ಸೇರಿ ಆಗಿನ ಒಂದು ಷೇರು ಈಗ 1,024. ಅಂದರೆ ಅಡ್ಜಸ್ಟೆಡ್ ಲೆಕ್ಕದಲ್ಲಿ ಆ 95 ರೂಪಾಯಿ ಸುಮಾರು 9 ಪೈಸೆ! 9 ಪೈಸೆಗೆ ಇನ್ಫೋಸಿಸ್ ಷೇರು ಯಾವ ದಿನವೂ ಯಾರಿಗೂ ಸಿಕ್ಕಿರಲಿಲ್ಲ. ಆದರೂ ಆ ಅಂಕಿ ಸರಿ.

ಹಾಗಾಗಿ ದರ ಹುಡುಕುವ ಮೊದಲು ನಿಮಗೆ ಅದು ಯಾಕೆ ಬೇಕು ಎಂದು ಕೇಳಿಕೊಳ್ಳಿ. ಹಾಕಿದ ದುಡ್ಡು ಎಷ್ಟು ಪಟ್ಟಾಯಿತು ಎಂದು ನೋಡುವುದಕ್ಕೆ ಅಡ್ಜಸ್ಟೆಡ್ ದರ. ಆವತ್ತು ನಿಜವಾಗಿ ಕೈಬದಲಾದ ದುಡ್ಡೆಷ್ಟು ಎಂಬುದಕ್ಕೆ, ಅದರಲ್ಲೂ ತೆರಿಗೆಗೆ, ಆವತ್ತಿನ ಕಚ್ಚಾ ದರ, ಅಂದರೆ ಭಾಗಿಸದೆ ಇದ್ದ ಹಾಗೇ ಇರುವ ದರ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಲೆಕ್ಕ ಕೆಟ್ಟಿತು.

ಕಚ್ಚಾ ದರ ಸಿಗುವುದು ಷೇರು ವ್ಯಾಪಾರ ನಡೆಯುವ ಎಕ್ಸ್‌ಚೇಂಜುಗಳಾದ ಎನ್‌ಎಸ್‌ಇ, ಬಿಎಸ್‌ಇಗಳ ಸ್ವಂತ ವೆಬ್‌ಸೈಟಿನಲ್ಲಿ, ದುಡ್ಡು ಕೊಡಬೇಕಿಲ್ಲ. ಹಿಸ್ಟಾರಿಕಲ್ ಡೇಟಾ ಎಂಬ ವಿಭಾಗಕ್ಕೆ ಹೋಗಿ ಕಂಪನಿಯ ಸಂಕೇತ ಹಾಕಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂದು ಕೊಟ್ಟರೆ ದಿನಕ್ಕೊಂದು ಸಾಲಿನಂತೆ ಪಟ್ಟಿ ಬರುತ್ತದೆ, ಎಕ್ಸೆಲ್‌ಗೂ ಇಳಿಸಿಕೊಳ್ಳಬಹುದು. ಬಿಎಸ್‌ಇಯಲ್ಲಿ ಅಂಕಿಯ ಸಂಕೇತವೂ ಇರುತ್ತದೆ, ಇನ್ಫೋಸಿಸ್‌ಗೆ 500209. ಎನ್‌ಎಸ್‌ಇಯಲ್ಲಿ ಸೀರೀಸ್ ಕೇಳಿದರೆ 'ಇಕ್ಯು' (EQ, ಅಂದರೆ ಸಾಮಾನ್ಯ ಷೇರು) ಆರಿಸಿ. ಪಟ್ಟಿಯ ಜೊತೆಗೆ ಅದೇ ಕಂಪನಿಯ ಕಾರ್ಪೊರೇಟ್ ಆ್ಯಕ್ಷನ್ಸ್ ಪುಟವನ್ನೂ ತೆರೆದಿಟ್ಟುಕೊಳ್ಳಿ. ಬೋನಸ್, ಸ್ಪ್ಲಿಟ್, ಡಿವಿಡೆಂಡ್ (ಕಂಪನಿ ಹಂಚುವ ಲಾಭಾಂಶ) ಯಾವತ್ತು ಎಂಬುದು ಅಲ್ಲಿರುತ್ತದೆ. ಪಟ್ಟಿಯಲ್ಲಿ ದರ ಧಡಕ್ಕನೆ ಅರ್ಧವಾದ ಸಾಲು ಕಂಡರೆ ಮೊದಲು ಈ ಪುಟ ನೋಡಿ, ಆಮೇಲೆ ಗಾಬರಿಯಾಗಿ.

ಪಟ್ಟಿಯ ಕಾಲಂಗಳಲ್ಲಿ ಓಪನ್, ಹೈ, ಲೋ ಎಂಬವು ಹೆಸರಿಗೆ ತಕ್ಕಂತೆ ದಿನದ ಮೊದಲ ದರ, ಗರಿಷ್ಠ, ಕನಿಷ್ಠ. ಕ್ಲೋಸ್ ಮಾತ್ರ ಮೋಸದ ಹೆಸರು. ಹಳೆಯ ಪಟ್ಟಿಗಳಲ್ಲಿ ಅದು ಕೊನೆಯ ವ್ಯಾಪಾರದ ದರವಲ್ಲ. ಮೂರರಿಂದ ಮೂರೂವರೆವರೆಗೆ ನಡೆದ ವ್ಯಾಪಾರದ ಸರಾಸರಿ, ಅದೂ ಎಷ್ಟು ಷೇರು ಯಾವ ದರಕ್ಕೆ ಹೋಯಿತು ಎಂದು ತೂಗಿ ತೆಗೆದದ್ದು. ಕೊನೆಯ ವ್ಯಾಪಾರದ ದರಕ್ಕೆ ಎನ್‌ಎಸ್‌ಇ ಪಟ್ಟಿಯಲ್ಲಿ ಬೇರೆಯೇ ಕಾಲಂ ಇದೆ. ತಾತ ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ಸಂಜೆ ಯಾರೋ ಒಬ್ಬ ಒಂದು ಮೂಟೆಯನ್ನು ಹಟಕ್ಕೆ ಹೆಚ್ಚಿಗೆ ಕೂಗಿದರೆ ಅದು ಆ ದಿನದ ಧಾರಣೆ ಅಲ್ಲ ಎನ್ನುತ್ತಿದ್ದರು ಅವರು. ಇದೇ ಕಾರಣಕ್ಕೆ ಎಷ್ಟು ಷೇರು ಕೈಬದಲಾಯಿತು ಎಂಬ ಕಾಲಂ ಬಿಡಬೇಡಿ. ಸಣ್ಣ ಕಂಪನಿಯ ದರ ದಿನಾ ಏರುತ್ತಿದ್ದು, ವ್ಯಾಪಾರವಾದದ್ದು ಬರೀ ಐವತ್ತು ನೂರು ಷೇರು ಎಂದಿದ್ದರೆ, ಆ ದರಕ್ಕೆ ನಿಮ್ಮ ಐನೂರು ಷೇರು ಕೊಳ್ಳುವವರು ಸಿಗುವುದು ಕಷ್ಟ.

ಈಗ ತೆರಿಗೆ. ನಾನೂ ಎಡವಿದ್ದು ಇಲ್ಲೇ. 2018ರ ಏಪ್ರಿಲ್‌ನಿಂದ ಷೇರಿನ ದೀರ್ಘಾವಧಿ ಲಾಭಕ್ಕೆ (ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಬಂದ ಲಾಭ) ಮತ್ತೆ ತೆರಿಗೆ ಬಂತು. ಅದಕ್ಕೂ ಹಿಂದಿನ ಲಾಭಕ್ಕೆ ಹಾಕುವುದಿಲ್ಲ ಎಂದು 31 ಜನವರಿ 2018ರ ಗರಿಷ್ಠ ದರವನ್ನು ಗೆರೆಯಾಗಿ ಎಳೆದರು. ಆ ದಿನ ನಿಮ್ಮ ಬಳಿ ಇದ್ದ ಷೇರು ಈಗ ಮಾರಿದರೆ, ಆ ದಿನದ ಹೈ ಮತ್ತು ಮಾರಿದ ದರ, ಇವೆರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಿ. ಅದನ್ನು ನೀವು ಕೊಂಡ ದರದ ಜೊತೆ ಹೋಲಿಸಿ, ಹೆಚ್ಚಿನದು ನಿಮ್ಮ ಅಸಲು. ಈ ಹೈ ಅನ್ನು ಎಕ್ಸ್‌ಚೇಂಜಿನ ಕಚ್ಚಾ ಪಟ್ಟಿಯಿಂದಲೇ ತೆಗೆಯಬೇಕು. ನಾನು ಮೊದಲ ವರ್ಷ ಅವಸರಕ್ಕೆ ಚಾರ್ಟ್‌ನಿಂದ ತೆಗೆದು ಬರೆದಿದ್ದೆ. ನಮ್ಮ ಆಫೀಸಿನ ಹಿರಿಯರು ಕನ್ನಡಕ ಮೂಗಿನ ತುದಿಗಿಳಿಸಿ, "ಇದು ಯಾವ ಊರಿನ ರೇಟಮ್ಮ?" ಎಂದು ಕೇಳಿದ್ದು ಇನ್ನೂ ನೆನಪಿದೆ.

ಮಾವನ ಲೆಕ್ಕವನ್ನೇ ನೋಡಿ. 31 ಜನವರಿ 2018ರಂದು ಅವರ ಬಳಿ ಇದ್ದದ್ದು 40 ಷೇರು: ದುಡ್ಡು ಕೊಟ್ಟು ಕೊಂಡ 10, ಬೋನಸ್ಸಿನ 30. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇನ್ನೂ 40 ಬಂದವು. ಎಲ್ಲವನ್ನೂ 1,500ರಂತೆ ಮಾರಿದರು ಎಂದುಕೊಳ್ಳಿ. ಡಿಮ್ಯಾಟ್‌ನಲ್ಲಿ, ಅಂದರೆ ಷೇರು ಇರುವ ಖಾತೆಯಲ್ಲಿ, ಮೊದಲು ಬಂದದ್ದು ಮೊದಲು ಹೋಗುತ್ತದೆ. ಮೊದಲ 10ರ ಅಸಲು 2,400, ಕಾಗದದ ಮೇಲೆ ಷೇರಿಗೆ 900 ನಷ್ಟ! ಮಾವ ಇದನ್ನು ಕೇಳಿ ಅತ್ತೆಯನ್ನು ಕೂಗಿ ಕರೆದರು. ನಂತರದ 30ಕ್ಕೆ ಕೊಂಡ ದರ ಸೊನ್ನೆ, ಆದರೆ ಆ ಗೆರೆಯ ದಿನ ಅವು ಕೈಲಿದ್ದವು, ಆದ್ದರಿಂದ ಆ ದಿನದ ಹೈ ಅವುಗಳ ಅಸಲು. ಅದು 1,100ರ ಮೇಲಿತ್ತು. ಆ್ಯಪ್ ನಂಬಿದ್ದರೆ ಐನೂರ ಚಿಲ್ಲರೆ ಹಾಕಿಕೊಂಡು, 30 ಷೇರಿಗೆ 16,000 ರೂಪಾಯಿಗೂ ಹೆಚ್ಚಿನ ಇಲ್ಲದ ಲಾಭ ತೋರಿಸಿಬಿಡುತ್ತಿದ್ದೆವು. ಕೊನೆಯ 40ರ ಅಸಲು ಸೊನ್ನೆಯೇ, ಪೂರ್ತಿ 1,500 ಲಾಭ.

ಸ್ಪ್ಲಿಟ್ ಆದರೆ ಹೀಗಲ್ಲ. ಅಲ್ಲಿ ಅದೇ ಷೇರನ್ನು ಸೀಳಿರುತ್ತಾರೆ, ಹೊಸದಾಗಿ ಕೊಟ್ಟಿರುವುದಿಲ್ಲ. ಆ ಗೆರೆಯ ದಿನದ ನಂತರ 10 ರೂಪಾಯಿ ಮುಖಬೆಲೆಯದು 2 ರೂಪಾಯಿಯದಾದರೆ ಕೊಂಡ ದರ, 2018ರ ಹೈ ಎರಡನ್ನೂ ಐದರಿಂದ ಭಾಗಿಸಿ. ಬೋನಸ್‌ಗೆ ಭಾಗಿಸಬೇಡಿ, ಸ್ಪ್ಲಿಟ್‌ಗೆ ಭಾಗಿಸಿ. ಇದನ್ನು ನಾನು ಕ್ಯಾಲ್ಕುಲೇಟರ್ ಹಿಂದೆ ಚೀಟಿ ಅಂಟಿಸಿಕೊಂಡಿದ್ದೇನೆ. ಅಂದಹಾಗೆ ಜುಲೈ 23, 2024ರಿಂದ ಈ ತೆರಿಗೆ ಶೇ. 12.5, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಇಲ್ಲ.

ಲಾಭ ಎಷ್ಟು ಪಟ್ಟು ಎಂದು ನೋಡುವವರಿಗೆ ಎರಡು ಮಾತು. ಹತ್ತು ವರ್ಷದಲ್ಲಿ ದುಡ್ಡು ಎರಡರಷ್ಟಾಯಿತೆಂದು ಕುಣಿಯಬೇಡಿ, ಅದು ವರ್ಷಕ್ಕೆ ಶೇ. 7ರ ಸ್ವಲ್ಪ ಮೇಲೆ ಅಷ್ಟೆ. ಡಿವಿಡೆಂಡ್ ಬೇರೆ ಸೇರಿಸಬೇಕು. ಯಾಹೂ ಫೈನಾನ್ಸ್‌ನ 'ಅಡ್ಜಸ್ಟೆಡ್ ಕ್ಲೋಸ್' ಕಾಲಂನಲ್ಲಿ ಅದೂ ಸೇರಿರುತ್ತದೆ, ಪಕ್ಕದ ಕ್ಲೋಸ್‌ನಲ್ಲಿ ಇರುವುದಿಲ್ಲ. ಹಾಗೆಯೇ ದರ ತುಂಬಾ ಇಳಿದಿದೆ ಎಂಬುದೊಂದೇ ಅಗ್ಗವೆಂಬುದಕ್ಕೆ ಪುರಾವೆಯಲ್ಲ. ಸತ್ಯಂ ಕಂಪನಿಯ ಪಟ್ಟಿಯಲ್ಲಿ 7 ಜನವರಿ 2009ರ ಸಾಲು ತೆಗೆದು ನೋಡಿ. ಹಿಂದಿನ ದಿನ 179ರ ಹತ್ತಿರ ಇದ್ದದ್ದು ಆ ದಿನ ಮುಗಿಯುವಾಗ 40ರ ಆಸುಪಾಸು. ಯಾವ ಬೋನಸ್ಸೂ ಅಲ್ಲ, ಸ್ಪ್ಲಿಟ್ಟೂ ಅಲ್ಲ. ಲೆಕ್ಕವೇ ಸುಳ್ಳೆಂದು ಅಧ್ಯಕ್ಷರೇ ಒಪ್ಪಿಕೊಂಡ ದಿನ ಅದು.

ಏಳುವ ಹೊತ್ತಿಗೆ ಮಾವ ಬೀರುವಿನಿಂದ ಇನ್ನೊಂದು ಕವರ್ ತಂದರು. ಮೈಸೂರು ಬ್ಯಾಂಕಿನ 50 ಷೇರು. "ಇದರ ರೇಟು ಎಲ್ಲೂ ಬರ್ತಿಲ್ಲ ನೋಡು." ಬರುವುದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 1 ಏಪ್ರಿಲ್ 2017ರಂದು ಎಸ್‌ಬಿಐಯಲ್ಲಿ ಸೇರಿಹೋಯಿತು, 10 ಷೇರಿಗೆ ಎಸ್‌ಬಿಐನ 22. ಮಾವನಿಗೆ ಬಂದಿರಬೇಕಾದದ್ದು 110. ಡಿಮ್ಯಾಟ್ ತೆರೆದು ನೋಡಿದೆವು, ಇದ್ದವು. ಅಸಲು ಹಳೆಯ ಬ್ಯಾಂಕಿನ 50 ಷೇರಿಗೆ ಒಟ್ಟು ಕೊಟ್ಟ ದುಡ್ಡು, 31 ಜನವರಿ 2018ರ ಹೈ ಮಾತ್ರ ಎಸ್‌ಬಿಐನದು. ಕೊಂಡ ದರ ನೆನಪಿದೆಯಾ ಎಂದೆ. ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಒಳಗೆ ಹೋಗಿ, ಹಾಲಿನ ಲೆಕ್ಕ ಬರೆಯುತ್ತಿದ್ದ ಹಳೇ ಡೈರಿ ತಂದು, ತಾರೀಕು ಸಮೇತ ಇದ್ದ ಪುಟ ತೆರೆದು ನನ್ನ ಮುಂದಿಟ್ಟರು.