ಸ್ವಂತ ಕಾರಲ್ಲಿ ರಾಮೇಶ್ವರ ದ್ವೀಪ, ಒಂದೇ ದಿನ, ಆರಾಮಾಗಿ: ನನ್ನ ಅನುಭವ

ಮೂರನೇ ಸಲಕ್ಕೆ ಸರಿಹೋಯ್ತು, ಅದಕ್ಕೇ ಬರೀತಿದೀನಿ. ಎಪ್ಪತ್ತು ದಾಟಿದ ಅಮ್ಮನ್ನ ಕೋಲಾರದಿಂದ ಕಾರಲ್ಲೇ ಕರ್ಕೊಂಡೋಗಿ ಇಡೀ ದ್ವೀಪ ಒಂದು ದಿನದಲ್ಲಿ ಸುಸ್ತಾಗ್ದೆ ತೋರಿಸ್ತೀನಿ ಅಂದಾಗ ನಮ್ಮ ಭಾವ ‘ಪ್ಯಾಕೇಜಲ್ಲಿ ಹೋಗಪ್ಪ, ನಿನ್ ಕೈಲಾಗಲ್ಲ’ ಅಂದಿದ್ರು. ಬಂಗಾರಪೇಟೆ, ಕೃಷ್ಣಗಿರಿ, ಸೇಲಂ, ಮಧುರೈ, ಹೆಚ್ಚೂಕಮ್ಮಿ 600 ಕಿ.ಮೀ., ಆ ರೂಟು ನಿಮಗೆ ಗೊತ್ತಿರೋದೇ.

ಮೊದಲ್ನೇ ಸಲ ಪ್ಯಾಕೇಜಲ್ಲೇ ಹೋಗಿದ್ವಿ, ತಲೆಗೆ 4500ರ ಹತ್ರ. ಬೆಳಗ್ಗೆ ದೇವಸ್ಥಾನದೊಳಗಿನ 22 ತೀರ್ಥದ ನೀರು ತಲೆ ಮೇಲೆ ಹುಯ್ಸಿ, ಒದ್ದೆ ಬಟ್ಟೇಲೇ ಓಡಿಸಿ, ಮಧ್ಯಾಹ್ನದ ಉರಿಬಿಸಿಲಲ್ಲಿ ಧನುಷ್ಕೋಡಿ ಅಂತ ಇಳಿಸಿ ‘ಇಪ್ಪತ್ತು ನಿಮಿಷ’ ಅಂದ್ರು. ಅಮ್ಮ ಮಂಡಿ ಊದಿಸ್ಕೊಂಡು ಗಾಡಿಲೇ ಕೂತಿದ್ರು. ಎರಡನೇ ಸಲ ಸ್ವಂತ ಕಾರು, ಆದ್ರೆ ಎಲ್ಲರ ಹಾಗೇ ದೇವಸ್ಥಾನ ಮುಗಿಸಿ ಎರಡು ಗಂಟೆಗೆ ಧನುಷ್ಕೋಡಿ ರೋಡಿನ ತುದಿ, ಅರಿಚಲ್‌ಮುನೈ ತಲುಪಿದೆ, ನಿಲ್ಲಿಸೋಕೆ ಜಾಗ ಇಲ್ಲ, ಎಡಗಡೆ ಚಕ್ರ ಮರಳಿಗೆ ಇಳಿಸ್ದೆ, ಆಕ್ಸಲ್ ತನಕ ಹೂತೋಯ್ತು. ಜೀಪಿನವನು 2000 ಕೇಳಿ 1500ಕ್ಕೆ ಎಳೆದ. ಊರಿಗೆ ಬಂದ್ಮೇಲೆ ಗಾಡಿ ಕೆಳಗಡೆ ತೊಳೆಸ್ಲಿಲ್ಲ, ಉಪ್ಪುಗಾಳಿಗೆ ಸೈಲೆನ್ಸರ್ ಬೋಲ್ಟೆಲ್ಲ ತುಕ್ಕು, ಅದಕ್ಕೊಂದು 3200.

ಈ ಸಲ ಪೂರ್ತಿ ಉಲ್ಟಾ ಮಾಡ್ದೆ. ಕತ್ತಲಲ್ಲೇ ಎದ್ದು ಆರು ಗಂಟೆ ಹೊತ್ತಿಗೆ ಧನುಷ್ಕೋಡಿ ರೋಡಲ್ಲಿದ್ವಿ. 2017ರಲ್ಲಿ ತುದಿ ತನಕ ಟಾರು ಆದ್ಮೇಲೆ ಕಾರು ಬೆಣ್ಣೇಲಿ ಹೋದಂಗೆ ಹೋಗುತ್ತೆ. ಎಡಗಡೆ ಬಂಗಾಳಕೊಲ್ಲಿ ಕೆರೆ ಥರ ಸುಮ್ನಿರುತ್ತೆ, ಬಲಗಡೆ ಮನ್ನಾರ್ ಕೊಲ್ಲಿ ಭೋರ್ಗರೀತಿರುತ್ತೆ, ಅಲ್ಲಿಯವ್ರು ಹೆಣ್ಣು ಕಡಲು ಗಂಡು ಕಡಲು ಅಂತಾರೆ. ತುದೀಲಿ ನಾಲ್ಕೇ ಕಾರು. ವಾಪಸ್ ಬರ್ತಾ ಮುರಿದ ಚರ್ಚ್ ಗೋಡೆ ಹತ್ರ ನಿಂತ್ವಿ. 1964ರ ಡಿಸೆಂಬರ್ ಚಂಡಮಾರುತಕ್ಕೆ ಊರೂ ಹೋಯ್ತು, ಜನ ಕೂತಿದ್ದ ಪ್ಯಾಸೆಂಜರ್ ರೈಲೂ ಹೋಯ್ತು ಅಂತ ಹೇಳಿದ್ದಕ್ಕೆ ಅಮ್ಮ ಬಹಳ ಹೊತ್ತು ಮಾತೇ ಆಡ್ಲಿಲ್ಲ.

ಅಲ್ಲೇ ಮೀನುಗಾರರ ಗುಡಿಸಲ ಪಕ್ಕ ಮರಳಲ್ಲಿ ತೋಡಿದ ಗುಂಡಿ, ಬಗ್ಗಿದ್ರೆ ಕೈಗೆ ಸಿಗೋಷ್ಟರಲ್ಲಿ ನೀರು, ಕುಡಿದ್ರೆ ಸಿಹಿ! ಎರಡೂ ಕಡೆ ಸಮುದ್ರ ಕಣ್ರೀ. ನಮ್ಮ ಕಡೆ 1500 ಅಡಿ ಬೋರ್ ಕೊರೆಸಿ ಬರೀ ಧೂಳು ನೋಡಿದೋನು ನಾನು, ಮೈ ಜುಮ್ ಅಂತು. ಮಳೆ ನೀರು ಉಪ್ಪು ನೀರಿಗಿಂತ ಹಗುರ, ಮರಳೊಳಗೆ ಅದರ ಮೇಲೇ ತೇಲ್ಕೊಂಡಿರುತ್ತೆ. ಅವರನ್ನ ಕೇಳ್ಕೊಂಡು ನಾನೂ ಎರಡು ಕಡೆ ತೋಡಿ ನೋಡ್ದೆ. ಅಲೆಗೆ ಹತ್ರದ್ದು ಬರೀ ಉಪ್ಪು, ಒಂದೈವತ್ತು ಹೆಜ್ಜೆ ಹಿಂದಿನದ್ದು ಪರವಾಗಿಲ್ಲ, ಸ್ವಲ್ಪ ಸಪ್ಪೆ. ಇನ್ನೂ ಆಳ ಹೋದ್ರೆ ಮತ್ತೆ ಉಪ್ಪೇ ಅಂದ್ರು, ಮುಚ್ಚಿ ಬಂದೆ.

ಕೋದಂಡರಾಮರ ಗುಡಿ ನೋಡ್ಕೊಂಡು ಒಂಬತ್ತೂವರೆಗೆ ರೂಮು, ತಿಂಡಿ, ಆಮೇಲೆ ಎರಡು ಗಂಟೆ ತನಕ ನಿದ್ದೆ. ಎಲ್ಲರೂ ಬಿಡೋದೇ ಈ ನಿದ್ದೇನ. ದೇವಸ್ಥಾನ ಮಧ್ಯಾಹ್ನ ಹೆಂಗೂ ಮುಚ್ಚಿರುತ್ತೆ, ಬಿಸಿಲಲ್ಲಿ ಅಲೆದು ಏನ್ ಸಿಗುತ್ತೆ? ಪೇಕರುಂಬಲ್ಲಿ ಕಲಾಂ ಸ್ಮಾರಕಕ್ಕೆ ಅರ್ಧ ಗಂಟೆ ಕೊಟ್ಟು, ಮೂರಕ್ಕೆ ಬಾಗಿಲು ತೆಗೆಯೋ ಹೊತ್ತಿಗೆ ದೇವಸ್ಥಾನ. 25 ರೂಪಾಯಿ ಟಿಕೆಟ್, ತೀರ್ಥಗಳಲ್ಲಿ ಕ್ಯೂನೇ ಇಲ್ಲ, ಅಮ್ಮ ಆ ಉದ್ದನೆ ಪ್ರಾಕಾರದಲ್ಲಿ ಕಂಬ ಕಂಬಕ್ಕೂ ನಿಂತು ನಡೆದ್ರು. ಕಾರು ಯಾವ ಗಲ್ಲೀಲಿ ನಿಲ್ಲಿಸಿದ್ದೆ, ರೂಮು ಯಾರ ಹತ್ರ ಹಿಡಿದೆ ಅನ್ನೋದು ಮಾತ್ರ ಹೇಳಲ್ಲ, ಅದನ್ನ ಹುಡುಕೋಕೆ ನನಗೆ ಎರಡು ಟ್ರಿಪ್ ಬೇಕಾಯ್ತು.

ಸಂಜೆ ಪಾಂಬನ್. ಹೋದ್ಸಲ ದ್ವೀಪಕ್ಕೆ ಬರೋ ರೋಡ್ ಸೇತುವೆ ಮೇಲೆ ಕಾರು ನಿಲ್ಲಿಸಿ ಬೈಸ್ಕೊಂಡಿದ್ದೆ, ಈ ಸಲ ಪಾಂಬನ್ ಊರೊಳಗೆ ಇಳಿದು ದಡದಲ್ಲೇ ಕೂತ್ವಿ. 1914ರ ಹಳೇ ರೈಲು ಸೇತುವೆ ಬದಲು 2025ರ ಏಪ್ರಿಲಲ್ಲಿ ಶುರುವಾದ ಹೊಸದು, ಹಡಗು ಬಂದ್ರೆ ಮಧ್ಯದ ಭಾಗ ಲಿಫ್ಟ್ ಥರ ನೆಟ್ಟಗೆ ಮೇಲೇಳುತ್ತೆ. ಏಳೋದು ನೋಡೋಕಾಗ್ಲಿಲ್ಲ, ರೈಲು ಹೋಗಿದ್ದು ನೋಡಿದ್ವಿ.

ಖರ್ಚು ನೆನಪಿದ್ದಷ್ಟು: ಪೆಟ್ರೋಲ್ ಒಂಬತ್ತು ಸಾವಿರ, ಟೋಲ್ ಎರಡರ ಆಸುಪಾಸು, ಎರಡು ರಾತ್ರಿ ರೂಮು 3600, ಊಟ ಎರಡೂವರೆ, ವಾಪಸ್ ಬರ್ತಾ ಮಧುರೈಲಿ ಕೆಳಗಡೆ ತೊಳೆಸಿದ್ದು 400. ನಾಲ್ಕು ಜನಕ್ಕೆ ಹದಿನೇಳೂವರೆ, ಅಂದ್ರೆ ಆವತ್ತಿನ ಪ್ಯಾಕೇಜಿಗಿಂತ ಕಮ್ಮೀನೇ, ಅಮ್ಮನ ಮಂಡೀನೂ ಊದ್ಲಿಲ್ಲ. ಅವರು ಆ ಮರಳು ಗುಂಡಿ ನೀರನ್ನ ಒಂದು ಬಾಟ್ಲಿ ತುಂಬಿಸ್ಕೊಂಡು ಬಂದಿದ್ರು, ಭಾವ ಮನೆಗೆ ಬಂದಾಗ ಒಂದು ಲೋಟ ಕೊಟ್ಟು ಕುಡಿಸಿ, ಎಲ್ಲಿದು ಹೇಳು ನೋಡೋಣ ಅಂದ್ರು.